ರಾತ್ರಿ ಪಾಳಿಯ ನೀರು, ದೇಹದ ಗಡಿಯಾರ: ಮಲಪ್ರಭಾ ಸೀಮೆಯ ನಿದ್ದೆಯನ್ನು ಕುರಿತು

ನಿದ್ದೆ ಬರುವ ಹೊತ್ತಿನ ಮೇಲೆ ವಂಶವಾಹಿಗಳ ಹಿಡಿತವಿದೆ ಎಂಬುದರಲ್ಲಿ ಇಂದು ಸಂದೇಹವಿಲ್ಲ. 1971ರಲ್ಲಿ ಕೊನೋಪ್ಕಾ ಮತ್ತು ಬೆನ್ಜರ್ ಎಂಬ ವಿಜ್ಞಾನಿಗಳು ಹಣ್ಣುನೊಣದಲ್ಲಿ ‘ಪೀರಿಯಡ್’ ವಂಶವಾಹಿಯನ್ನು ಗುರುತಿಸಿದರು. ಅದರಿಂದ ತಯಾರಾದ ಪ್ರೋಟೀನು ಕೂಡುತ್ತ ಹೋಗಿ, ಕೋಶಕೇಂದ್ರಕ್ಕೆ ಮರಳಿ ತನ್ನದೇ ತಯಾರಿಕೆಯನ್ನು ತಡೆಯುತ್ತದೆ. ಅದು ಕರಗಿದ ಮೇಲೆ ತಯಾರಿಕೆ ಮತ್ತೆ ಶುರುವಾಗುತ್ತದೆ. ಈ ಸುತ್ತಿಗೆ ಸುಮಾರು 24 ಗಂಟೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯಕುಮಾರ್ ಶರ್ಮಾ ಅವರ ತಂಡ, ಬೆಳಿಗ್ಗೆ ಪ್ಯೂಪಾ ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವವನ್ನೂ ಬೇರ್ಪಡಿಸಿ ತಲೆಮಾರುಗಳ ಕಾಲ ಸಾಕಿತು. ಮೊದಲನೆಯವುಗಳ ಒಳಗಡಿಯಾರ ಚುರುಕಾಯಿತು, ಎರಡನೆಯವುಗಳದು ನಿಧಾನವಾಯಿತು. ಮನುಷ್ಯರಲ್ಲಿಯೂ, ಪಿಇಆರ್2 ವಂಶವಾಹಿಯ ಒಂದೇ ಬದಲಾವಣೆಯಿಂದ ಸಂಜೆ ಏಳೂವರೆಯ ಸುಮಾರಿಗೇ ನಿದ್ದೆಹೋಗಿ ನಸುಕಿನ ನಾಲ್ಕೂವರೆಗೆ ಏಳುವ ಕುಟುಂಬವೊಂದರ ವರದಿ 2001ರಲ್ಲಿ ಬಂತು. ಇಷ್ಟೆಲ್ಲ ತಿಳಿದ ಮೇಲೂ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ರೈತನ ನಿದ್ದೆ ಕೆಡುವುದಕ್ಕೆ ಕಾರಣವನ್ನು ಅವನ ರಕ್ತದಲ್ಲಿ ಹುಡುಕುವುದು ಸಲ್ಲದು. ಕಾರಣ ಕರೆಂಟಿನ ವೇಳಾಪಟ್ಟಿಯಲ್ಲಿದೆ. ಹಾಗೆನ್ನಲು ಆಧಾರ ಕೊಡುವುದು ವಂಶವಾಹಿಗಳ ಅಧ್ಯಯನವೇ.

ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸುಮಾರು ಏಳು ಲಕ್ಷ ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನವು ನಸುಕಿನ ಸ್ವಭಾವಕ್ಕೆ ಸಂಬಂಧಿಸಿದ 351 ವಂಶವಾಹಿ ತಾಣಗಳನ್ನು ಗುರುತಿಸಿತು. ಆ ಸ್ವಭಾವದ ಅಂಶಗಳು ಅತಿ ಹೆಚ್ಚಿರುವ ಶೇ. 5 ಜನರಿಗೂ ಅತಿ ಕಡಿಮೆಯಿರುವ ಶೇ. 5 ಜನರಿಗೂ ಮಲಗುವ ಹೊತ್ತಿನಲ್ಲಿ ಕಂಡ ಅಂತರ ಕೇವಲ 25 ನಿಮಿಷ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು; ಬೈಲಹೊಂಗಲ 75 ಡಿಗ್ರಿಯ ಆಸುಪಾಸಿನಲ್ಲಿದೆ. ಎಂದರೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿದ್ದಾನೆ. 351 ತಾಣಗಳು ಮಾಡುವಷ್ಟು ವ್ಯತ್ಯಾಸವನ್ನು ಒಂದು ಆಡಳಿತ ತೀರ್ಮಾನವೇ ಮಾಡಿಬಿಟ್ಟಿದೆ! ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟು ಪಾಳಿಯ ಪ್ರಕಾರ ಸಿಗುವಲ್ಲಿ ಪಾಳಿ ರಾತ್ರಿಗೆ ಬಿದ್ದರೆ, ನಿದ್ದೆ ನಿಮಿಷಗಳಷ್ಟಲ್ಲ, ಗಂಟೆಗಟ್ಟಲೆ ಸರಿಯುತ್ತದೆ. ಸರಿರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ, ಮೋಟಾರು ಚಾಲೂ ಮಾಡಿ, ಒಂದು ಸಾಲು ತುಂಬಿದೊಡನೆ ಮಣ್ಣು ಸರಿಸಿ ಮುಂದಿನ ಸಾಲಿಗೆ ನೀರು ತಿರುಗಿಸುವವನಿಗೆ ನಡುವೆ ಕಣ್ಣು ಮುಚ್ಚಲೂ ಆಗುವುದಿಲ್ಲ. ಹಾವಿನ ಭಯವಂತೂ ಇದ್ದೇ ಇದೆ.

ವರ್ಷಗಟ್ಟಲೆ ಮಾಡಿದವರಿಗೆ ಇದು ಮೈಗೊಗ್ಗಿದೆ ಎನ್ನುವವರಿದ್ದಾರೆ. ಮನಸ್ಸು ಒಗ್ಗಬಹುದು, ಮೆದುಳಿನ ಗಡಿಯಾರ ಅಷ್ಟು ಸುಲಭವಾಗಿ ಒಗ್ಗದು. ಕಾಯಂ ರಾತ್ರಿ ಪಾಳಿಯವರಲ್ಲಿಯೂ ನಿದ್ದೆಯ ಹಾರ್ಮೋನು ಮೆಲಟೋನಿನ್‌ನ ಲಯ ಪೂರ್ತಿ ಬದಲಾದವರು ಶೇ. 3ಕ್ಕಿಂತ ಕಡಿಮೆ ಎಂಬುದು 2008ರ ವಿಮರ್ಶೆಯೊಂದರ ತೀರ್ಮಾನ. ಕಾರಣ ಬೆಳಕು. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್‌ಗಿಂತಲೂ ಕಡಿಮೆ, ಮಧ್ಯಾಹ್ನದ ಬಿಸಿಲು ಲಕ್ಷದ ಸುಮಾರು. ಬೆಳಿಗ್ಗೆ ಮನೆಗೆ ಬರುವವನ ಕಣ್ಣಿಗೆ ಬಿದ್ದ ಬಿಸಿಲು ಗಡಿಯಾರವನ್ನು ಮತ್ತೆ ಹಗಲಿಗೇ ಹೊಂದಿಸುತ್ತದೆ. ಹಾಲು ಕರೆಯಬೇಕು, ಮೇವು ಹಾಕಬೇಕು. ಬೇಸಿಗೆಯ ತಗಡಿನ ಮನೆಯಲ್ಲಿ ಹಗಲುನಿದ್ದೆ ದೂರದ ಮಾತು. ಜಾತ್ರೆಯಲ್ಲಿ ಬೆಳತನಕ ದೊಡ್ಡಾಟ ನೋಡುತ್ತಿದ್ದವರಿಗೆ ಏನಾಯಿತು ಎಂಬ ಪ್ರಶ್ನೆಯೂ ಬರಬಹುದು. ಅದು ವರ್ಷಕ್ಕೆ ಕೆಲವೇ ರಾತ್ರಿಗಳ ಮಾತು, ಮರುದಿನ ಮಲಗಲು ಬಿಡುವಿತ್ತು. ಪಾಳಿಯ ಬೇಸಾಯ ಹಾಗಲ್ಲ. 2009ರ ಪ್ರಯೋಗವೊಂದರಲ್ಲಿ ಊಟ-ನಿದ್ದೆಯ ಹೊತ್ತು ಒಳಗಡಿಯಾರಕ್ಕೆ ವಿರುದ್ಧವಾದಾಗ, ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆಯೂ ಒತ್ತಡವೂ ಏರಿದವು. ಅದರಲ್ಲಿದ್ದವರು ಹತ್ತೇ ಮಂದಿ ಎಂಬ ಮಿತಿ ನಿಜ. ಆದರೆ ರಾತ್ರಿ ಪಾಳಿಯ ಕೆಲಸವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಸಂಭಾವ್ಯ ಕ್ಯಾನ್ಸರ್ ಕಾರಕವೆಂದು ಗುರುತಿಸಿ, 2019ರಲ್ಲಿ ಮತ್ತೆ ಅದೇ ಮಾತಿಗೆ ನಿಂತಿದೆ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ: 351 ತಾಣಗಳ ಅಧ್ಯಯನ ಯುರೋಪ್ ಮೂಲದವರದು, ನಮ್ಮವರಿಗೆ ಹೇಗೆ ಅನ್ವಯ? ಆಯಾ ತಾಣದ ಪ್ರಭಾವವನ್ನು ಇಲ್ಲಿಗೆ ಹಾಗೆಯೇ ತರಲಾಗದು ಎಂಬುದನ್ನು ಒಪ್ಪಬೇಕು. ಆದರೆ ಇಲ್ಲಿಯವರ ಅಂತರ ಅದರ ಎರಡರಷ್ಟಿದ್ದರೂ ಒಂದು ಗಂಟೆಯೊಳಗೇ ಉಳಿಯುತ್ತದೆ. ಪಾಳಿ ಕೇಳುವುದು ಇಡೀ ರಾತ್ರಿಯನ್ನು. ಗೂಬೆಯ ಸ್ವಭಾವದವರನ್ನೇ ರಾತ್ರಿ ಕಳಿಸಿದರಾಯಿತು ಎಂಬ ಸಲಹೆಯೂ ಇಲ್ಲಿ ಸೋಲುತ್ತದೆ. ಊರಿಗೆ ಕರೆಂಟು ತರುವ ಫೀಡರ್ ಲೈನಿನ ಪಾಳಿ ಎಲ್ಲರಿಗೂ ಒಂದೇ, ಸಣ್ಣ ಹಿಡುವಳಿಯವನಿಗೆ ಬದಲಿ ಆಳೂ ಇಲ್ಲ. ಹಗಲು ಕರೆಂಟು ಕೊಡಲು ದಾರಿಯಿದೆ: ಕೇಂದ್ರ ಸರ್ಕಾರದ ಕುಸುಮ್-ಸಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳನ್ನೇ ಸೌರಶಕ್ತಿಗೆ ತರಬಹುದು. ಆ ಫೀಡರುಗಳನ್ನು ಆರಿಸುವಾಗ ಭೂಮಿಯ ಲಭ್ಯತೆ, ಸಬ್‌ಸ್ಟೇಷನ್ ದೂರಗಳ ಜೊತೆಗೆ, ರಾತ್ರಿ ಪಾಳಿಯ ಊರುಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿಯ ತಪಾಸಣೆ ನಡೆಸಿ ಅದರ ಫಲಿತಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.