ಫಾಂಡಂಟ್ ಮ್ಯಾಟ್

ಫಾಂಡಂಟ್ ಮ್ಯಾಟ್: ಕೇಕಿಗೆ ಹೊದಿಸುವ ಸಕ್ಕರೆ ಕಣಕವನ್ನು ಲಟ್ಟಿಸಲು, ಲಟ್ಟಿಸಿದ್ದನ್ನು ಹರಿಯದಂತೆ ಎತ್ತಿ ಕೇಕಿನ ಮೇಲೆ ಇಳಿಸಲು ಬಳಸುವ ತೆಳುವಾದ, ಬಾಗುವ ಹಾಸು. ಬಹುಪಾಲು ಸಿಲಿಕೋನ್ ಅಥವಾ ವಿನೈಲ್‌ನಿಂದ ಮಾಡಿದ್ದು. ಅಂಗಡಿಯವರು ಇದನ್ನು ಅಂಟದ ಹಾಸು ಎಂದೇ ಮಾರುತ್ತಾರೆ. ಅಂಟದಿರುವುದು ಇದರ ಅರ್ಧ ಗುಣ ಮಾತ್ರ. ನಯವಾದ ಗ್ರಾನೈಟ್ ಕಟ್ಟೆಯ ಮೇಲೆ ಒಂದಿಷ್ಟು ಕಾರ್ನ್‌ಫ್ಲೋರ್ ಉದುರಿಸಿಕೊಂಡರೆ ಅಲ್ಲಿಯೂ ಫಾಂಡಂಟ್ ಅಂಟುವುದಿಲ್ಲ; ಆದರೆ ಕಟ್ಟೆಯನ್ನು ಎತ್ತಿ ಕೇಕಿನ ಮೇಲೆ ಮಗುಚಲು ಬರುವುದಿಲ್ಲ. ಮ್ಯಾಟಿನ ನಿಜವಾದ ಬೆಲೆ ತಿಳಿಯುವುದು ಈ ಎತ್ತುವ ಗಳಿಗೆಯಲ್ಲಿ. ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿದ ಒಬ್ಬಟ್ಟನ್ನು ಎಲೆಸಮೇತ ಕಾವಲಿಗೆ ಮಗುಚಿ, ಎಲೆಯನ್ನು ಮೆಲ್ಲನೆ ಸುಲಿದು ತೆಗೆದು ರೂಢಿಯಿರುವ ಕೈಗೆ ಈ ಕೆಲಸ ಹೊಸದೇನಲ್ಲ. ಅಗಲ ಮಾತ್ರ ಎರಡು ಮೂರು ಪಟ್ಟು.

ಫಾಂಡಂಟಿನ ಸ್ವಭಾವ

ಮಿಠಾಯಿ ತಯಾರಿಕೆಯಲ್ಲಿ ಫಾಂಡಂಟ್ ಎಂಬ ಹೆಸರಿನ ಎರಡು ಪದಾರ್ಥಗಳಿವೆ. ಮೊದಲನೆಯದು ಸುರಿಯುವ ಫಾಂಡಂಟ್. ಸಕ್ಕರೆ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆರಿಸಿ, ಅತಿ ಸಣ್ಣ ಹರಳುಗಳಾಗುವಂತೆ ತಿರುವಿ ಮಾಡುವ ಬಿಳಿಯ ಮುದ್ದೆ ಇದು. ಇದಕ್ಕೂ ಮ್ಯಾಟಿಗೂ ಸಂಬಂಧವಿಲ್ಲ. ಎರಡನೆಯದು ಲಟ್ಟಿಸುವ ಫಾಂಡಂಟ್. ಬ್ರಿಟನ್ನಿನಲ್ಲಿ ಇದನ್ನು ಶುಗರ್‌ಪೇಸ್ಟ್ ಎನ್ನುತ್ತಾರೆ; ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಪ್ಲಾಸ್ಟಿಕ್ ಐಸಿಂಗ್ ಎಂಬ ಹೆಸರಿದೆ. ನುಣ್ಣನೆಯ ಐಸಿಂಗ್ ಸಕ್ಕರೆಗೆ ಗ್ಲೂಕೋಸ್ ಪಾಕ, ಗ್ಲಿಸರಿನ್, ಸ್ವಲ್ಪ ಜಿಡ್ಡು, ಹಿಗ್ಗುವ ಗುಣ ತರಲು ಜೆಲಟಿನ್ ಅಥವಾ ಗೋಂದು ಸೇರಿಸಿ ನಾದಿದರೆ ಇದು ಸಿದ್ಧ. ಜೆಲಟಿನ್ ಪ್ರಾಣಿಜನ್ಯವಾದ್ದರಿಂದ ಭಾರತದಲ್ಲಿ ಹಸಿರು ಚುಕ್ಕೆಯ ಪೊಟ್ಟಣಗಳಲ್ಲಿ ಸಸ್ಯಮೂಲದ ಗೋಂದು ಅಥವಾ ಸಿಎಂಸಿ ಪುಡಿ ಇರುತ್ತದೆ.

ಇದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಸಕ್ಕರೆಯೂ ಗ್ಲಿಸರಿನ್ನೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ತೇವದ ದಿನ ಫಾಂಡಂಟ್ ಜಿಗುಟಾಗುತ್ತದೆ. ಒಣಗಾಳಿಯಲ್ಲಿ ಇದಕ್ಕೆ ತದ್ವಿರುದ್ಧ: ಹತ್ತು ನಿಮಿಷ ಬಿಚ್ಚಿಟ್ಟರೂ ಮೇಲ್ಮೈ ಒಣಗಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಕೇಕ್ ಕಲೆಗಾರರು ಈ ಬಿರುಕಿಗೆ ಆನೆಚರ್ಮ ಎಂದು ಹೆಸರಿಟ್ಟಿದ್ದಾರೆ. ಅಂಟುತ್ತದೆಂದು ಹಿಟ್ಟು ಉದುರಿಸುತ್ತ ಹೋದರೆ ಕಣಕದ ತೇವವನ್ನು ಹಿಟ್ಟು ಹೀರಿ ಆನೆಚರ್ಮ ಇನ್ನೂ ಬೇಗ ಬರುತ್ತದೆ. ಹಿಟ್ಟನ್ನು ಆದಷ್ಟು ಕಡಿಮೆ ಮಾಡುವುದು ಮ್ಯಾಟಿನ ಎರಡನೆಯ ಉಪಕಾರ.

ಹಿನ್ನೆಲೆ

ಸಕ್ಕರೆಯನ್ನು ಗೋಂದಿನ ಜತೆ ಕಲಸಿ ಹಾಳೆಯಾಗಿ ಲಟ್ಟಿಸುವ ವಿದ್ಯೆ ಯೂರೋಪಿನಲ್ಲಿ ಹಲವು ಶತಮಾನಗಳಷ್ಟು ಹಳೆಯದು. ಸಿರಿವಂತರ ಊಟದ ಮೇಜಿನ ಮೇಲಿಡುವ ಬೊಂಬೆ, ಬಟ್ಟಲುಗಳನ್ನು ಅದರಿಂದ ಮಾಡುತ್ತಿದ್ದರು. ಕೇಕಿಗೆ ಹೊದಿಸುವ ಮೃದುವಾದ ಫಾಂಡಂಟ್ ಜನಪ್ರಿಯವಾದದ್ದು 20ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಬ್ರಿಟನ್ನಿನ ಮದುವೆ ಕೇಕಿಗೆ ಬಾದಾಮಿಯ ಮಾರ್ಜಿಪಾನ್ ಪದರ, ಅದರ ಮೇಲೆ ಮೊಟ್ಟೆಯ ಬಿಳಿಲೋಳೆ ಬೆರೆಸಿದ ರಾಯಲ್ ಐಸಿಂಗ್ ಬಳಿಯುವುದು ವಾಡಿಕೆ. ಆ ಐಸಿಂಗ್ ಒಣಗಿದರೆ ಸುಣ್ಣದ ಗಾರೆಯಷ್ಟು ಗಟ್ಟಿ. ಆಗಿನವರು ಮಾರ್ಜಿಪಾನನ್ನು ಅಮೃತಶಿಲೆಯ ಚಪ್ಪಡಿಯ ಮೇಲೋ ಮರದ ಮೇಜಿನ ಮೇಲೋ ಸಕ್ಕರೆ ಪುಡಿ ಉದುರಿಸಿ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿ ಎತ್ತುತ್ತಿದ್ದರು.

ಇಂದಿನ ಮ್ಯಾಟ್ ಪೂರ್ತಿ ಪ್ಲಾಸ್ಟಿಕ್ ಯುಗದ ಕೂಸು. ಮನೆಯಲ್ಲಿ ಕೇಕ್ ಅಲಂಕರಿಸುವ ಹವ್ಯಾಸ ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದ ಮೇಲೆ ಇದು ಹರಡಿತು. 1929ರಲ್ಲಿ ಶಿಕಾಗೋದಲ್ಲಿ ಸಕ್ಕರೆ ಕಲೆಯ ಪಾಠದಿಂದ ಆರಂಭವಾದ ವಿಲ್ಟನ್ ಸಂಸ್ಥೆ ಗೆರೆಗಳಿರುವ ಚೌಕ ಮ್ಯಾಟನ್ನು ಮನೆಮನೆಗೆ ಮುಟ್ಟಿಸಿತು. ಸ್ವೀಟ್‌ವೈಸ್ ಎಂಬ ಇನ್ನೊಂದು ಅಮೆರಿಕನ್ ಕಂಪನಿ ಎರಡು ವಿನೈಲ್ ಹಾಳೆಗಳ ನಡುವೆ ಫಾಂಡಂಟ್ ಇಟ್ಟು ಲಟ್ಟಿಸುವ ಜೋಡಿ ಮ್ಯಾಟನ್ನು ಬಳಕೆಗೆ ತಂದಿತು. ಬೆಂಗಳೂರಿಗೂ ಸಕ್ಕರೆ ಕಲೆಯ ನಂಟು ಹಳೆಯದು. ಡಿಸೆಂಬರ್ ಸುಮಾರಿಗೆ ಇಲ್ಲಿ ನಡೆಯುವ ವಾರ್ಷಿಕ ಕೇಕ್ ಪ್ರದರ್ಶನಕ್ಕೆ ದಶಕಗಳ ಇತಿಹಾಸವಿದೆ. ಆಳೆತ್ತರ ಮೀರಿದ ಸಕ್ಕರೆಯ ಕೋಟೆ, ಚರ್ಚು, ಪ್ರಾಣಿಗಳನ್ನು ನೋಡಲು ಜನ ಟಿಕೆಟ್ ಕೊಂಡು ಹೋಗುತ್ತಾರೆ.

ಎಷ್ಟು ದೊಡ್ಡದು ಬೇಕು

ಕೊಳ್ಳುವಾಗ ಹೆಚ್ಚಿನವರು ಎಡವುವುದು ಇಲ್ಲಿ. ಬಣ್ಣ ನೋಡುತ್ತಾರೆ, ಬೆಲೆ ನೋಡುತ್ತಾರೆ, ಅಳತೆ ನೋಡುವುದಿಲ್ಲ. ಹಾಳೆ ಕೇಕಿನ ನೆತ್ತಿಯನ್ನಷ್ಟೇ ಅಲ್ಲ, ಎರಡೂ ಪಕ್ಕಗಳನ್ನು ಮುಚ್ಚಬೇಕು. ಆದ್ದರಿಂದ ಕೇಕಿನ ಅಡ್ಡಳತೆಗೆ ಎತ್ತರದ ಎರಡರಷ್ಟನ್ನು ಕೂಡಿಸಿ, ಕತ್ತರಿಸಿ ತೆಗೆಯುವ ಅಂಚಿಗೆಂದು ಮತ್ತೆರಡು ಇಂಚು ಸೇರಿಸಬೇಕು. 8 ಇಂಚು ಅಗಲ, 4 ಇಂಚು ಎತ್ತರದ ದುಂಡು ಕೇಕಿಗೆ 8ಕ್ಕೆ 8 ಸೇರಿ 16, ಅಂಚು ಸೇರಿ 18 ಇಂಚು. 10 ಇಂಚಿನ ಕೇಕಾದರೆ 20 ಇಂಚು. ಪೇಟೆಯಲ್ಲಿ ಸಿಗುವ 20 ಇಂಚಿನ ಚೌಕ ಮ್ಯಾಟ್ ಅಲ್ಲಿಗೆ ಕೊನೆ ಮುಟ್ಟಿತು. ಪಕ್ಕದಲ್ಲಿ ಒಂದು ಬೆರಳಿನ ಜಾಗವೂ ಉಳಿಯುವುದಿಲ್ಲ. 12 ಇಂಚಿನ ಕೇಕು ಹೊದಿಸುವ ಆಸೆಯಿದ್ದವರು 24 ಇಂಚಿಗೆ ಕಡಿಮೆಯದನ್ನು ಕೊಳ್ಳಬಾರದು. ಬೇಕಿಂಗ್ ಟ್ರೇ ಒಳಗೆ ಹಾಸುವ ಆಯತಾಕಾರದ ಮ್ಯಾಟ್ ಎಷ್ಟೇ ಒಳ್ಳೆಯದಿರಲಿ, ಸಾಮಾನ್ಯವಾಗಿ ಅದರ ಅಗಲ 12 ಇಂಚಿನ ಆಸುಪಾಸು. ಹೂವು, ಎಲೆ, ಪಟ್ಟಿ ಲಟ್ಟಿಸಲಷ್ಟೇ ಅದು ಸಾಕು.

ಅಡುಗೆಮನೆಯ ಕಟ್ಟೆಯನ್ನೂ ಅಳೆದುಕೊಳ್ಳುವುದು ಒಳಿತು. ನಮ್ಮ ಮನೆಗಳ ಗ್ರಾನೈಟ್ ಕಟ್ಟೆ ಸಾಮಾನ್ಯವಾಗಿ ಎರಡಡಿ ಅಗಲ. ಅದಕ್ಕಿಂತ ದೊಡ್ಡ ಮ್ಯಾಟಿನ ಅಂಚು ಜೋತುಬಿದ್ದು ಲಟ್ಟಣಿಗೆಯ ಒತ್ತಡಕ್ಕೆ ಜಾರುತ್ತದೆ. ಅಂಥದ್ದಕ್ಕೆ ಊಟದ ಮೇಜೇ ಗತಿ. ಚಪಾತಿಯ ಲಟ್ಟಣಿಗೆಯೂ ಇಲ್ಲಿ ಸಾಲದು. ನಡು ದಪ್ಪ, ತುದಿ ಸಪೂರ ಇರುವ ಲಟ್ಟಣಿಗೆ ಫಾಂಡಂಟಿನ ಮೇಲೆ ಗುಳಿ ಬೀಳಿಸುತ್ತದೆ. ಹಿಡಿಯಿಲ್ಲದ, ಉದ್ದಕ್ಕೂ ಒಂದೇ ದಪ್ಪವಿರುವ 20 ಇಂಚಿನ ಪ್ಲಾಸ್ಟಿಕ್ ಲಟ್ಟಣಿಗೆ ಬೇಕು. ಅದರ ಎರಡು ತುದಿಗೆ ಹಾಕುವ ರಬ್ಬರ್ ಬಳೆಗಳು ದಪ್ಪ ಕಾಯುತ್ತವೆ. ಕೇಕ್ ಹೊದಿಕೆಗೆ 3 ಮಿಲಿಮೀಟರ್ ದಪ್ಪ ಹದವಾದದ್ದು. ಇನ್ನೂ ತೆಳುವಾದರೆ ಒಳಗಿನ ಉಬ್ಬುತಗ್ಗು ಕಾಣುತ್ತದೆ, ದಪ್ಪವಾದರೆ ತಿನ್ನುವವರು ಸುಲಿದು ತಟ್ಟೆಯಂಚಿಗೆ ಇಡುತ್ತಾರೆ. ಈ ದಪ್ಪದಲ್ಲಿ 8 ಇಂಚಿನ ಕೇಕಿಗೆ ಹೆಚ್ಚುಕಡಿಮೆ 700 ಗ್ರಾಂ ಫಾಂಡಂಟ್ ಹಿಡಿಯುತ್ತದೆ.

ಸಿಲಿಕೋನೋ ವಿನೈಲೋ

ಸಿಲಿಕೋನ್ ಎಂಬುದು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿಯಿಂದಾದ ರಬ್ಬರು. ಅದರ ಮೇಲ್ಮೈಗೆ ಬೇರೆ ಪದಾರ್ಥಗಳು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಬಿಸಿಗೂ ಅದು ಬಗ್ಗದು. ಬಹುತೇಕ ಮ್ಯಾಟ್‌ಗಳು 230 ಡಿಗ್ರಿವರೆಗಿನ ಓವನ್ ತಾಳುತ್ತವೆ. ಅಡಿಭಾಗ ಕಟ್ಟೆಗೆ ಕಚ್ಚಿಕೊಂಡು ಕೂರುವುದರಿಂದ ಲಟ್ಟಿಸುವಾಗ ಸರಿಯುವುದಿಲ್ಲ. ದೋಷವೆಂದರೆ ಧೂಳು, ಕೂದಲು, ಬಟ್ಟೆಯ ನವಿರನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಬಿಳಿ ಫಾಂಡಂಟಿನ ಮೇಲೆ ಒಂದು ಕಪ್ಪು ಎಳೆ ಕೂತರೆ ಅದನ್ನು ಕೀಳುವಷ್ಟರಲ್ಲಿ ಹಾಳೆಯೇ ಕೆಡುತ್ತದೆ. ಸಿಲಿಕೋನಿನಲ್ಲೂ ಎರಡು ಬಗೆ. ಒಳಗೆ ಗಾಜಿನ ನಾರಿನ ಬಲೆ ಇರುವುದು ಫ್ರಾನ್ಸಿನ ಸಿಲ್ಪ್ಯಾಟ್ ಮಾದರಿ. ಅದು ಹಿಗ್ಗದು, ಕುಗ್ಗದು. ಆದರೆ ಬಿರುಸು ಹೆಚ್ಚು. ಚಾಕು ತಾಗಿ ಬಲೆ ತುಂಡಾದರೆ ಗಾಜಿನ ಎಳೆ ತಿಂಡಿಗೆ ಸೇರಬಹುದು. ಗೀರು ಬಿದ್ದದ್ದನ್ನು ಆ ಕೂಡಲೇ ಬಿಸಾಡಬೇಕು. ಬಲೆಯಿಲ್ಲದ ಶುದ್ಧ ಸಿಲಿಕೋನ್ ಬಟ್ಟೆಯಂತೆ ಬಾಗುತ್ತದೆ. ಕೇಕ್ ಹೊದಿಸಲು ಬೇಕಾದದ್ದು ಈ ಬಾಗುವಿಕೆ.

ವಿನೈಲ್ ಎಂದರೆ ಪಿವಿಸಿ. ಹಗುರ, ಅಗ್ಗ, ದೊಡ್ಡ ಅಳತೆಗಳಲ್ಲಿ ದೊರೆಯುತ್ತದೆ, ಪಾರದರ್ಶಕ. ಜೋಡಿ ಹಾಳೆಯ ನಡುವೆ ಲಟ್ಟಿಸುವಾಗ ಫಾಂಡಂಟ್ ಎಷ್ಟು ಹರಡಿತು, ಗಾಳಿಗುಳ್ಳೆ ಎಲ್ಲಿ ಕೂತಿತು ಎಂಬುದು ಕಣ್ಣಿಗೆ ಬೀಳುತ್ತದೆ. ಎರಡೂ ಕಡೆ ಮುಚ್ಚಿರುವುದರಿಂದ ಹಾಳೆ ಒಣಗುವುದಿಲ್ಲ. ಫೋನು ಬಂತೆಂದು ಹೋಗಿ ಬಂದರೂ ಕಣಕ ಮೆತ್ತಗೇ ಇರುತ್ತದೆ. ಪಿವಿಸಿ ಸ್ವಭಾವತಃ ಗಡಸು. ಅದನ್ನು ಮೃದುಮಾಡಲು ಬೆರೆಸುವ ಥಾಲೇಟ್‌ನಂಥ ರಾಸಾಯನಿಕಗಳು ಜಿಡ್ಡಿನ ಪದಾರ್ಥಕ್ಕೆ ಇಳಿಯಬಲ್ಲವು. ಹಾಗಾಗಿ ಆಹಾರ ಬಳಕೆಗೆ ತಕ್ಕದ್ದೆಂಬ ಬರಹ ಅಥವಾ ಲೋಟ ಮತ್ತು ಫೋರ್ಕಿನ ಗುರುತು ಇರುವುದನ್ನೇ ಆರಿಸಬೇಕು. ಬಿಚ್ಚಿದೊಡನೆ ಹೊಸ ರೇನ್‌ಕೋಟಿನ ವಾಸನೆ ಹೊಡೆದರೆ ಅದನ್ನು ಮರಳಿಸುವುದೇ ಸರಿ. ಮೇಜಿಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ಕನ್ನು ಮೀಟರ್ ಲೆಕ್ಕದಲ್ಲಿ ತಂದು ಕತ್ತರಿಸಿ ಬಳಸುವವರಿದ್ದಾರೆ. ಅದು ತಿನ್ನುವ ಪದಾರ್ಥಕ್ಕೆ ಮಾಡಿದ್ದಲ್ಲ. ಸ್ಟೇಷನರಿ ಅಂಗಡಿಯ ಹಸಿರು ಕಟಿಂಗ್ ಮ್ಯಾಟಿಗೂ ಇದೇ ಮಾತು.

ಮನೆಯ ಬೇಕರಿಗೆ ಒಂದನ್ನೇ ಕೊಳ್ಳುವುದಾದರೆ 24 ಇಂಚಿನ, ಬಲೆಯಿಲ್ಲದ ಸಿಲಿಕೋನ್ ಮ್ಯಾಟ್ ಹೆಚ್ಚು ಬಾಳಿಕೆಯದು. ದೊಡ್ಡ ಕೇಕುಗಳ ಆರ್ಡರ್ ಮಾತ್ರ ಹಿಡಿಯುವವರಿಗೆ ಜೋಡಿ ವಿನೈಲ್ ವಾಸಿ. ಗೆರೆ, ವೃತ್ತಗಳ ಮುದ್ರಣ ಎರಡರಲ್ಲೂ ಸಹಾಯಕ, ಆದರೆ ಗೆರೆ ಬೆರಳಿಗೆ ತಡೆಯುವಷ್ಟು ಉಬ್ಬಿರಬಾರದು. ಉಬ್ಬಿದ ಗೆರೆಗಳೆಲ್ಲ ಫಾಂಡಂಟಿನ ಮೇಲೆ ಅಚ್ಚಾಗುತ್ತವೆ. ಬೇಕೆಂದೇ ಅಚ್ಚು ಮೂಡಿಸುವ ಕಸೂತಿ, ಇಟ್ಟಿಗೆ ವಿನ್ಯಾಸದ ಮ್ಯಾಟ್‌ಗಳೂ ಇವೆ, ಅವುಗಳ ಕೆಲಸ ಬೇರೆ.

ಬಳಸುವ ಕ್ರಮ

ಮೊದಲು ಕೇಕ್ ಸಿದ್ಧವಾಗಿರಬೇಕು, ಆಮೇಲೆ ಫಾಂಡಂಟ್ ಬಿಚ್ಚಬೇಕು. ನಮ್ಮ ಬೇಕರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಪ್ಪಿಂಗ್ ಕ್ರೀಮಿನ ತೇವಕ್ಕೆ ಫಾಂಡಂಟ್ ಕರಗಿ ಜಾರುತ್ತದೆ. ಅಡಿಯಲ್ಲಿ ಬಟರ್‌ಕ್ರೀಮ್ ಅಥವಾ ಚಾಕೊಲೇಟ್ ಗನಾಶ್ ಬಳಿದು ಗಟ್ಟಿಯಾಗಿಸಿಕೊಂಡಿರಬೇಕು.

ಕೈಗೆ ಚೂರು ವನಸ್ಪತಿ ಸವರಿಕೊಂಡು ಫಾಂಡಂಟನ್ನು ಬಿರುಕಿಲ್ಲದ ಉಂಡೆಯಾಗುವವರೆಗೆ ನಾದಿ, ಮ್ಯಾಟಿನ ನಡುವಿಗಿಟ್ಟು ಅಂಗೈಯಿಂದ ತಟ್ಟಿ ಬಿಲ್ಲೆಯಾಗಿಸಬೇಕು. ಲಟ್ಟಿಸುವುದು ಯಾವಾಗಲೂ ನಡುವಿನಿಂದ ಹೊರಕ್ಕೆ. ಒಂದೆರಡು ಸಲ ಲಟ್ಟಿಸಿ ಹಾಳೆಯನ್ನು ಕಾಲುಸುತ್ತು ತಿರುಗಿಸಬೇಕು. ಒಂದೇ ಮ್ಯಾಟಿನ ಮೇಲೆ ಆರಂಭದಲ್ಲಿ ಹೀಗೆ ಎತ್ತಿ ತಿರುಗಿಸುತ್ತಿದ್ದರೆ ಅಡಿ ಹಿಡಿಯುವುದಿಲ್ಲ. ಅಗಲವಾದ ಮೇಲೆ ಹಾಳೆಯನ್ನು ಮುಟ್ಟದೆ ಮ್ಯಾಟನ್ನೇ ತಿರುಗಿಸುವುದು ಜಾಣತನ. ಜೋಡಿ ಮ್ಯಾಟಿನಲ್ಲಿ ನಡುನಡುವೆ ಮೇಲಿನ ಹಾಳೆಯನ್ನು ಸುಲಿದು ಮತ್ತೆ ಹಾಸಿ, ಇಡೀ ಜೋಡಿಯನ್ನು ಮಗುಚಿ ಇನ್ನೊಂದು ಬದಿಯಲ್ಲೂ ಅದನ್ನೇ ಮಾಡಬೇಕು. ಇದನ್ನು ಬಿಟ್ಟರೆ ಫಾಂಡಂಟ್ ವಿನೈಲಿಗೆ ಕಚ್ಚಿಕೊಂಡು ಒಂದು ಹಂತದ ನಂತರ ಎಷ್ಟು ಒತ್ತಿದರೂ ಹರಡುವುದಿಲ್ಲ. ಶಕ್ತಿ ಸಾಲದೆಂದು ಇನ್ನೂ ಬಲವಾಗಿ ಒತ್ತುವುದು ವ್ಯರ್ಥ. ಗಾಳಿಗುಳ್ಳೆ ಕಂಡಲ್ಲಿ ಸಪೂರ ಸೂಜಿಯಿಂದ ಓರೆಯಾಗಿ ಚುಚ್ಚಿ ಬೆರಳಿನಿಂದ ಒತ್ತಿದರೆ ಮಾಯ.

ಎತ್ತುವಾಗ ಕೇಕನ್ನು ಪಕ್ಕದಲ್ಲೇ, ಆದಷ್ಟು ತಗ್ಗಿನಲ್ಲಿ ಇಟ್ಟುಕೊಳ್ಳಬೇಕು. ಮೇಲಿನ ಹಾಳೆ ತೆಗೆದು, ಮ್ಯಾಟಿನ ಅಡಿಗೆ ಎರಡೂ ಕೈ ಅಗಲಿಸಿ ಹಿಡಿದು, ಫಾಂಡಂಟಿನ ಒಂದು ಅಂಚನ್ನು ಕೇಕಿನ ಬುಡಕ್ಕೆ ಮುಟ್ಟಿಸಿ ಆಚೆ ಬದಿಗೆ ಮಗುಚುತ್ತ ಹೋಗಬೇಕು. ಈಗ ಮ್ಯಾಟ್ ಮೇಲಕ್ಕೆ ಬಂದಿರುತ್ತದೆ. ಅದನ್ನು ನೇರ ಮೇಲಕ್ಕೆ ಎಳೆದರೆ ಫಾಂಡಂಟ್ ಜತೆಗೇ ಎದ್ದು ಹರಿಯುತ್ತದೆ. ತನ್ನ ಮೇಲೇ ಮಡಿಚಿಕೊಳ್ಳುವಂತೆ ಹಿಂದಕ್ಕೆ ಸುಲಿಯಬೇಕು. ನೆತ್ತಿಯ ಅಂಚಿನಲ್ಲಿ ಭಾರಕ್ಕೆ ಸೀಳು ಬಿಡುವುದು ಸಾಮಾನ್ಯ. ಆದ್ದರಿಂದ ಮೊದಲು ನೆತ್ತಿ, ಕೂಡಲೇ ಸುತ್ತಲಿನ ಮೇಲಂಚನ್ನು ಅಂಗೈಯಿಂದ ಹಿಡಿದು ಕೂರಿಸಿ, ಬಳಿಕ ನೆರಿಗೆಗಳನ್ನು ಹೊರಕ್ಕೆ ಬಿಡಿಸುತ್ತ ಕೆಳಕ್ಕೆ ಇಳಿಯಬೇಕು. ಹೆಚ್ಚಾದ ಅಂಚನ್ನು ಕೇಕಿನ ಬೋರ್ಡಿನ ಮೇಲೆ ಪಿಜ್ಜಾ ಕಟರಿನಿಂದ ಕತ್ತರಿಸಬಹುದು. ಮ್ಯಾಟಿನ ಮೇಲೆ ಕತ್ತರಿ, ಚಾಕು ಆಡಿಸಲೇಬಾರದು. ಕತ್ತರಿಸುವುದಕ್ಕೂ ಆಗುತ್ತದೆ ಎಂದು ಮಾರುವ ಮ್ಯಾಟ್‌ಗಳ ಮೇಲೂ ಪ್ಲಾಸ್ಟಿಕ್ ಅಲಗು ಮಾತ್ರ ಕ್ಷೇಮ.

ಹವೆ

ಮಂಗಳೂರಿನ ಜುಲೈ ತಿಂಗಳ ಗಾಳಿಗೂ ಕಲಬುರಗಿಯ ಏಪ್ರಿಲ್ ಗಾಳಿಗೂ ಒಂದೇ ಉಪಾಯ ನಡೆಯದು. ತೇವದಲ್ಲಿ ಕಾರ್ನ್‌ಫ್ಲೋರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮ್ಯಾಟಿನ ಮೇಲೆ ತಟ್ಟುವುದು ಸರಿ. ಐಸಿಂಗ್ ಸಕ್ಕರೆ ತಾನೇ ತೇವ ಎಳೆದುಕೊಂಡು ಜಿಗುಟು ಹೆಚ್ಚಿಸುತ್ತದೆ. ಒಣಹವೆಯಲ್ಲಿ ಹಿಟ್ಟು ಬೇಡವೇ ಬೇಡ, ಮ್ಯಾಟಿಗೆ ತೋರಿಯೂ ತೋರದಷ್ಟು ವನಸ್ಪತಿ ಸವರಿದರೆ ಸಾಕು. ಫ್ರಿಜ್ಜಿನಿಂದ ತೆಗೆದ ಕೇಕು ಕರಾವಳಿಯಲ್ಲಿ ಕ್ಷಣದಲ್ಲಿ ಬೆವರುತ್ತದೆ. ಹೊದಿಕೆಯ ಮೇಲೆ ಕೂತ ಆ ಹನಿಗಳನ್ನು ಒರೆಸಹೋಗದೆ ಫ್ಯಾನಿನ ಗಾಳಿಗೆ ತಾನಾಗಿ ಆರಲು ಬಿಡಬೇಕು.

ಆರೈಕೆ

ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಸ್ಪಂಜು ಇಷ್ಟೇ ಸಾಕು. ತಂತಿಯ ಜುಂಗು ಕೂಡದು. ಸಿಲಿಕೋನಿನಲ್ಲಿ ಜಿಡ್ಡು ಉಳಿದು ಅಂಟಂಟಾದರೆ ಅಡುಗೆ ಸೋಡಾ ಕಲಸಿ ಹಚ್ಚಿ ತೊಳೆಯಬಹುದು. ವಿನೈಲನ್ನು ಕುದಿನೀರಿಗೆ, ಡಿಶ್‌ವಾಷರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಕಪ್ಪು, ಕಡುಗೆಂಪು ಬಣ್ಣದ ಫಾಂಡಂಟನ್ನು ಬಿಳಿ ಮ್ಯಾಟಿನ ಮೇಲೆ ಬಹಳ ಹೊತ್ತು ಬಿಟ್ಟರೆ ಕಲೆ ಉಳಿಯಬಹುದು. ತೊಳೆದು ಬಟ್ಟೆಯಲ್ಲಿ ಒರೆಸಿದರೆ ನವಿರು ಮೆತ್ತಿಕೊಳ್ಳುವುದರಿಂದ ನೇತುಹಾಕಿ ಒಣಗಿಸುವುದು ಮೇಲು. ಮಡಿಚಿ ಡ್ರಾಯರಿಗೆ ತುರುಕಿದ ಮ್ಯಾಟಿನ ಮಡಿಕೆ ಗೆರೆ ಮುಂದಿನ ಪ್ರತಿ ಕೇಕಿನ ಮೇಲೂ ಕಾಣಿಸುತ್ತದೆ. ಆದ್ದರಿಂದ ರಟ್ಟಿನ ಕೊಳವೆಗೆ ಸುತ್ತಿ ಇಡಬೇಕು. ಬಟ್ಟೆಯಂಗಡಿಯಲ್ಲಿ ಬಟ್ಟೆ ಸುತ್ತುವ ಖಾಲಿ ಕೊಳವೆ ಕೇಳಿದರೆ ಕೊಡುತ್ತಾರೆ. ಅದಾಗಲೇ ಮಡಿಕೆ ಬಿದ್ದಿದ್ದರೆ ಬಿಸಿನೀರಲ್ಲದ ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸಮತಟ್ಟಾಗಿ ಹಾಸಿ, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ ಒಂದು ರಾತ್ರಿ ಬಿಟ್ಟು ನೋಡಬಹುದು.