ಕೆರೆಯ ಏರಿ ಮತ್ತು ಸ್ಥಳೀಯ ಆಡಳಿತದ ಸಂಪನ್ಮೂಲ: ಹಿರೇಕೆರೂರು ಸೀಮೆಯನ್ನು ಅನುಲಕ್ಷಿಸಿ

ಹಿರೇಕೆರೂರು ಎಂಬ ಹೆಸರಿನಲ್ಲಿಯೇ ಕೆರೆಯಿದೆ. ಮುಂಬಯಿ ಆಡಳಿತ ಕಾಲದಲ್ಲಿ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿನ ಕಚೇರಿಯಿದ್ದ ಈ ಊರು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿತು. ಈ ಸೀಮೆಯಲ್ಲಿ ಕೆರೆ ಕಟ್ಟಿಸಿದವರ ಕಥೆಗಳು ಬಹಳ. ಕಟ್ಟಿದ್ದನ್ನು ಕಾಪಾಡುವ ಸಂಪನ್ಮೂಲ ಯಾರ ಕೈಯಲ್ಲಿತ್ತು ಎಂಬುದು ಪ್ರಸ್ತುತ ಲೇಖನದ ವಿಚಾರ.

‘ಕೆರೆಗೆ ಹಾರ’ ಕಥನಗೀತೆಯಲ್ಲಿ ಮಲ್ಲನಗೌಡ ಕೆರೆ ತೋಡಿಸುತ್ತಾನೆ. ನೀರು ಬಾರದಿರಲು ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಮುಂದೆ ವರ್ಷವರ್ಷವೂ ಹೂಳೆತ್ತಿದವರಾರೆಂಬುದನ್ನು ಹಾಡು ಹೇಳುವುದಿಲ್ಲ. ಅದನ್ನು ಹೇಳುವವು ಶಾಸನಗಳು. ಕೆರೆಯ ನೀರಿನಿಂದ ಬೆಳೆದ ಬೆಳೆಯಲ್ಲಿ ಒಂದು ಪಾಲನ್ನು ಅದೇ ಕೆರೆಯ ರಕ್ಷಣೆಗೆ ಬಿಡುತ್ತಿದ್ದ ‘ಬಿತ್ತುವಟ್ಟ’, ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಭೂಮಿ ನೀಡುತ್ತಿದ್ದ ‘ಕಟ್ಟುಗೊಡಗೆ’ ಇವು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಹಣ, ಹೊಣೆ, ಫಲ ಮೂರೂ ಒಂದೇ ಅಚ್ಚುಕಟ್ಟಿನೊಳಗಿದ್ದುದು ಗಮನಾರ್ಹ. ಆದರೆ ಈ ವ್ಯವಸ್ಥೆಯನ್ನು ಕೊಂಡಾಡುವವರು ಮಣ್ಣು ಹೊತ್ತವರ ಬಿಟ್ಟಿ ದುಡಿಮೆಯನ್ನು ಮರೆಯಬಾರದು.

ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ನಿರ್ಮಾಣವಾಯಿತೆನ್ನಲಾದ ಮದಗದ ಕೆರೆಯ ಹಳೆಯ ಏರಿ ಒಡೆಯಿತು. ಬಳಿಕ ಉಳಿದುದು ಮೊದಲಿಗಿಂತ ಚಿಕ್ಕ ಕೆರೆ. ಇಂತಹ ಏರಿಯನ್ನು ಮರಳಿ ಎತ್ತುವುದು ಒಂದು ಊರಿನ ಶಕ್ತಿಗೆ ಮೀರಿದ ಕೆಲಸ.

1869ರ ಮುಂಬಯಿ ಕಾಯ್ದೆಯು ಭೂಕಂದಾಯದ ರೂಪಾಯಿಗೆ ಒಂದಾಣೆಯ ಸ್ಥಳೀಯ ಕರ ವಿಧಿಸಿತು. ಅದರ ಮೂರನೆಯ ಒಂದು ಭಾಗ ಶಾಲೆಗಳಿಗೆ, ಉಳಿದುದರಲ್ಲಿ ಹೆಚ್ಚಿನದು ರಸ್ತೆಗಳಿಗೆ ಸಂದಿತು. 1884ರಲ್ಲಿ ತಾಲ್ಲೂಕು ಲೋಕಲ್ ಬೋರ್ಡುಗಳು ಬಂದವು. ದೊಡ್ಡ ಕೆರೆಗಳು ಲೋಕೋಪಯೋಗಿ ಇಲಾಖೆಯ ಲೆಕ್ಕದಲ್ಲಿದ್ದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಚಾಕರಿಯನ್ನು ತೆಗೆದುಹಾಕಿತು. ಅದು ನ್ಯಾಯವೇ ಸರಿ. ಆದರೆ ತೂಬು ಕಾಯುವವನ ಜಾಗಕ್ಕೆ ಸಂಬಳದ ಮನುಷ್ಯನನ್ನು ನೇಮಿಸುವ ಕೆಲಸ ಹಿಂದುಳಿಯಿತು.

ಸಂವಿಧಾನದ 73ನೆಯ ತಿದ್ದುಪಡಿ ಸಣ್ಣ ನೀರಾವರಿಯನ್ನು ಪಂಚಾಯತಿಯ 29 ವಿಷಯಗಳಲ್ಲಿ ಸೇರಿಸಿತು. 1993ರ ಕರ್ನಾಟಕ ಕಾಯ್ದೆಯಡಿ ಗ್ರಾಮ ಪಂಚಾಯತಿ ಕ್ರಿಯಾಯೋಜನೆ ಬರೆಯುತ್ತದೆ. ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ ಕೊಡುವ ಎಂಜಿನಿಯರ್ ಮಾತ್ರ ಅದರ ನೌಕರನಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ವೆಚ್ಚದ ಕನಿಷ್ಠ ಶೇ. 60 ಭಾಗ ಕೂಲಿಗೆ ಮೀಸಲಾಗಿತ್ತು. ಹೂಳೆತ್ತುವುದು ಈ ಲೆಕ್ಕಕ್ಕೆ ಸುಲಭವಾಗಿ ಹೊಂದುತ್ತಿತ್ತು. ಸಿಮೆಂಟು, ಕಲ್ಲು, ನುರಿತ ಗೌಂಡಿಯನ್ನು ಬೇಡುವ ತೂಬಿನ ದುರಸ್ತಿ ಅಷ್ಟು ಸುಲಭವಾಗಿ ಹೊಂದುತ್ತಿರಲಿಲ್ಲ; ತೂಬು ಸೋರಿದರೆ ಹೂಳೆತ್ತಿದ ಕೆರೆಯಲ್ಲಿಯೂ ನೀರು ನಿಲ್ಲದು.