ಅಚ್ಚಿಗೂ ಒಂದು ಅಚ್ಚು: ಕ್ಲಾಸ್ ಮೆಥಡ್ ಬಳುವಳಿಯ ಕಥೆ

ಕಂಪ್ಯೂಟರ್ ಪಾಠದಲ್ಲಿ ಬರುವ ‘ಕ್ಲಾಸ್’ ಎಂದರೆ ಮಕ್ಕಳು ಕೂರುವ ತರಗತಿಯಲ್ಲ, ಇಟ್ಟಿಗೆಯ ಅಚ್ಚಿನಂಥದ್ದು ಎಂದು ನಾವು ಹೇಳಿಕೊಡುತ್ತೇವೆ. ಅಚ್ಚಿನಿಂದ ತೆಗೆದ ಒಂದೊಂದು ಇಟ್ಟಿಗೆಯೂ ಒಂದೊಂದು ‘ಆಬ್ಜೆಕ್ಟ್’. ಸರಿ, ‘ಹೊಸದೊಂದನ್ನು ಮಾಡು’ ಎಂದು ಯಾರಿಗೆ ಹೇಳುವುದು? ಇಟ್ಟಿಗೆ ಇನ್ನೂ ಹುಟ್ಟಿಲ್ಲ, ಅಚ್ಚಿಗೇ ಹೇಳಬೇಕು! ಹೀಗೆ ಅಚ್ಚಿಗೇ ಹೇಳುವ ಕೆಲಸವೇ ಕ್ಲಾಸ್ ಮೆಥಡ್. ಒಂದು ಕ್ಲಾಸಿನಿಂದ ಇನ್ನೊಂದು ಕವಲೊಡೆದಾಗ ಈ ಕೆಲಸವೂ ಬಳುವಳಿಯಾಗಿ ಬರುತ್ತದೆಯೇ? ಬಂದರೆ ಹುಟ್ಟುವುದು ಅಪ್ಪನ ಅಚ್ಚಿನ ಇಟ್ಟಿಗೆಯೋ, ಮಗನ ಅಚ್ಚಿನದೋ? (ನಮ್ಮ ಕಡೆಯ ಅಳಿಯಕಟ್ಟಿನಂತೆ ಸೋದರಮಾವನಿಂದ ಬರುವ ಆಸ್ತಿಯಲ್ಲ ಇದು, ನೇರ ಅಪ್ಪನಿಂದಲೇ.)

ಕಥೆ ಶುರುವಾಗುವುದು ನಾರ್ವೆಯ ಓಸ್ಲೋದಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬಿಬ್ಬರು 1967ರಲ್ಲಿ ಸಿಮುಲಾ 67 ಭಾಷೆಯನ್ನು ರೂಪಿಸಿದರು. ಲಾರಿ, ಬಸ್ಸು, ಕಾರು ಎಲ್ಲಕ್ಕೂ ಇರುವ ಗುಣಗಳನ್ನು ‘ವಾಹನ’ ಎಂಬ ಒಂದು ಕ್ಲಾಸಿನಲ್ಲಿ ಬರೆದಿಟ್ಟರೆ ಸಾಕು, ಉಳಿದವಕ್ಕೆ ತಾನಾಗಿ ಬರುತ್ತದೆ. ಬಳುವಳಿ ಹುಟ್ಟಿದ್ದು ಇಲ್ಲಿ. ಆದರೆ ಸಿಮುಲಾದಲ್ಲಿ ಕ್ಲಾಸ್ ಬರೀ ಅಚ್ಚು, ಅದಕ್ಕೆ ಕಿವಿಯಿಲ್ಲ. ಹೊಸ ಲಾರಿ ಬೇಕಾದರೆ ‘ನ್ಯೂ’ ಎಂಬ ಭಾಷೆಯದೇ ಪದವನ್ನು ಬಳಸಬೇಕು.

ಅಚ್ಚಿಗೆ ಕಿವಿ ಕೊಟ್ಟವರು ಅಮೆರಿಕದ ಪಾಲೋ ಆಲ್ಟೋದ ಝೆರಾಕ್ಸ್ ಸಂಶೋಧನಾ ಕೇಂದ್ರದವರು. ಅಲನ್ ಕೇ, ಡಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಅಲ್ಲಿ ಕಟ್ಟಿದ ಸ್ಮಾಲ್‌ಟಾಕ್ ಭಾಷೆಯನ್ನು ಶಾಲಾ ಮಕ್ಕಳ ಕೈಗೂ ಕೊಟ್ಟು ನೋಡಿದ್ದರು ಎಂಬುದು ಮೇಷ್ಟ್ರುಗಳಾದ ನಮಗೆ ಖುಷಿಯ ಸಂಗತಿ. ಸ್ಮಾಲ್‌ಟಾಕ್-72ರಲ್ಲಿ ಬಳುವಳಿಯೇ ಇರಲಿಲ್ಲ. 76ರಲ್ಲಿ ಬಂತು. ಅಲ್ಲಿ ಕ್ಲಾಸೂ ಒಂದು ಆಬ್ಜೆಕ್ಟೇ. ಹಾಗಾಗಿ ಅದಕ್ಕೂ ಕೆಲಸ ಹೇಳಬಹುದು. ಆದರೆ ಎಲ್ಲ ಕ್ಲಾಸುಗಳೂ ಒಂದೇ ಮೂಲ ಅಚ್ಚಿನ ಮಕ್ಕಳಾದ್ದರಿಂದ ಎಲ್ಲವೂ ಹೊಸದನ್ನು ಮಾಡುವ ರೀತಿ ಒಂದೇ. ಲಾರಿಗೆ ಬೇರೆ ರೀತಿ ಬೇಕೆಂದರೆ ಬರೆಯಲು ಜಾಗವಿಲ್ಲ.

ಸ್ಮಾಲ್‌ಟಾಕ್-80 ಇದನ್ನು ಬಿಡಿಸಿತು. ಒಂದೊಂದು ಕ್ಲಾಸಿಗೂ ಅದರದೇ ಆದ ‘ಮೆಟಾಕ್ಲಾಸ್’, ಅಂದರೆ ಅಚ್ಚಿಗೂ ಒಂದು ಅಚ್ಚು! ಲಾರಿಯ ಅಪ್ಪ ವಾಹನವಾದರೆ, ಲಾರಿಯ ಮೆಟಾಕ್ಲಾಸಿಗೆ ಅಪ್ಪ ವಾಹನದ ಮೆಟಾಕ್ಲಾಸ್. ಎರಡು ವಂಶವೃಕ್ಷಗಳು ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಲಾರಿಗೆ ‘ಮಾಡು’ ಎಂದಾಗ ವಿಧಾನ ಸಿಗುವುದು ಅಪ್ಪನ ಕಡೆಯಲ್ಲಾದರೂ, ಅದರೊಳಗಿನ ‘ನಾನು’ ಎಂಬ ಮಾತು ಲಾರಿಯನ್ನೇ ತೋರಿಸುತ್ತದೆ. ಹುಟ್ಟುವುದು ಲಾರಿಯೇ. ನಮ್ಮ ಮಟ್ಟಿಗೆ ಸರಿಯಾದ ಉತ್ತರ ಇದೇ. ಆದರೆ ಕಲಿಯುವವರಿಗೆ ಇದು ಕಬ್ಬಿಣದ ಕಡಲೆಯಾಯಿತು. ಮೆಟಾಕ್ಲಾಸೇ ದೊಡ್ಡ ತೊಡಕು ಎಂದು 1987ರಲ್ಲಿ ಅಲನ್ ಬೋರ್ನಿಂಗ್ ಮತ್ತು ಟಿಮ್ ಓ’ಶೇ ಬರೆದರು.

1996ರಲ್ಲಿ ಬಿಡುಗಡೆಯಾದ ಜಾವಾ ಆ ತೊಡಕಿನ ತಂಟೆಗೇ ಹೋಗಲಿಲ್ಲ. ಅದರ ‘ಸ್ಟ್ಯಾಟಿಕ್’ ಮೆಥಡನ್ನು ಮಗನ ಹೆಸರಿನಿಂದ ಕರೆಯಬಹುದು, ಆದರೆ ಕರೆದದ್ದು ಮಗನ ಹೆಸರಿನಿಂದ ಎಂಬುದು ಆ ಮೆಥಡ್‌ಗೆ ತಿಳಿಯುವುದೇ ಇಲ್ಲ. ಇಂದಿಗೂ ಹಾಗೆಯೇ. ಪಿ.ಎಚ್.ಪಿ.ಯ ಫಜೀತಿ ಇನ್ನೂ ಸ್ವಾರಸ್ಯ. ಅಲ್ಲಿ ಅಪ್ಪನ ಕ್ಲಾಸಿನಲ್ಲಿ ‘ಸೆಲ್ಫ್’ ಎಂದು ಬರೆದರೆ ಅದು ಅಪ್ಪನೇ. ಲಾರಿ ಕೇಳಿದವರ ಕೈಗೆ ಬರೀ ವಾಹನ! ಕೊನೆಗೆ 2009ರ 5.3ನೆಯ ಆವೃತ್ತಿಯಲ್ಲಿ, ಕರೆದವರು ಯಾರೆಂದು ತಿಳಿಯಲು ‘ಸ್ಟ್ಯಾಟಿಕ್’ ಪದಕ್ಕೇ ಹೊಸ ಅರ್ಥ ಕೊಟ್ಟರು. ಪೈಥಾನ್ ಈ ಕೆಲಸವನ್ನು 2001ರಲ್ಲೇ, 2.2ನೆಯ ಆವೃತ್ತಿಯ ‘ಕ್ಲಾಸ್‌ಮೆಥಡ್’ ಮೂಲಕ ಮಾಡಿಕೊಂಡಿತ್ತು. ಅದರ ಮೊದಲ ಜಾಗದಲ್ಲಿ, ವಾಡಿಕೆಯಂತೆ ‘ಸಿಎಲ್‌ಎಸ್’ ಎಂಬ ಹೆಸರಿನಲ್ಲಿ, ಕರೆದ ಕ್ಲಾಸೇ ಬಂದು ಕೂರುತ್ತದೆ.

ಪೈಥಾನ್ ಕಲಿಯುತ್ತಿರುವ ಮಕ್ಕಳು ಲ್ಯಾಬಿನಲ್ಲಿ ಮಾಡಿ ನೋಡಿ. ವಾಹನ ಕ್ಲಾಸಿನಲ್ಲಿ ಒಂದು ಕ್ಲಾಸ್‌ಮೆಥಡ್ ಬರೆದು, ಸಿಎಲ್‌ಎಸ್‌ನಿಂದ ಹೊಸದೊಂದನ್ನು ಮಾಡಿಸಿ, ಅದನ್ನು ಲಾರಿಯ ಹೆಸರಿನಿಂದ ಕರೆಯಿರಿ. ಆಮೇಲೆ ಸಿಎಲ್‌ಎಸ್ ಇದ್ದಲ್ಲಿ ವಾಹನದ ಹೆಸರನ್ನೇ ಬರೆದು ಮತ್ತೆ ಕರೆಯಿರಿ. ಎರಡು ಸಲವೂ ಹುಟ್ಟಿದ್ದು ಏನೆಂದು ‘ಟೈಪ್’ ಹಾಕಿ ಕೇಳಿ.